ಜ್ವರದಲ್ಲಿ ‘ಬೇಡ’ ಅನ್ನುವವರು ಯಾರು?

ಜ್ವರ ಬಂದವರನ್ನು ನಾವು ಎರಡು ದಿನ ನಂಬುತ್ತೇವೆ. ಥರ್ಮಾಮೀಟರು 102 ತೋರಿಸಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಗಂಜಿ ಬರುತ್ತದೆ, ಹಣೆಗೆ ಒದ್ದೆ ಬಟ್ಟೆ ಬರುತ್ತದೆ, ಟಿವಿ ಸದ್ದು ತಗ್ಗುತ್ತದೆ. ಮೂರನೆಯ ದಿನ ಕಾವು ಇಳಿದ ಮೇಲೂ ಮಲಗಿಯೇ ಇದ್ದರೆ ಮನೆಯವರ ದನಿ ಬದಲಾಗುತ್ತದೆ. ‘ಸ್ವಲ್ಪ ಎದ್ದು ಓಡಾಡು, ಎಲ್ಲಾ ಸರಿಹೋಗುತ್ತೆ.’ ಐದನೆಯ ದಿನ ಅದು ‘ಮನಸ್ಸು ಗಟ್ಟಿ ಮಾಡ್ಕೋ’ ಆಗುತ್ತದೆ. ವಾರ ಕಳೆದರೆ ಮೈಗಳ್ಳತನದ ಅನುಮಾನ ಹೊಸ್ತಿಲು ದಾಟಿ ಒಳಗೆ ಬಂದಿರುತ್ತದೆ, ಯಾರೂ ಬಾಯಿಬಿಟ್ಟು ಹೇಳದಿದ್ದರೂ.

ಈ ಅನುಮಾನಕ್ಕೂ ಒಂದು ತರ್ಕವಿದೆ. ಕಾಲು ಮುರಿದವನು ನಡೆಯಲಾರ, ಅದು ಕಣ್ಣಿಗೆ ಕಾಣುತ್ತದೆ. ಜ್ವರ ಬಿಟ್ಟವನು ನಡೆಯಬಲ್ಲ, ಆದರೆ ಅವನಿಗೆ ಎದ್ದೇಳುವ ಮನಸ್ಸಿಲ್ಲ. ಕೈಲಾಗದವನ ಮೇಲೆ ನಮಗೆ ಕರುಣೆ ಹುಟ್ಟುತ್ತದೆ, ಮನಸ್ಸಿಲ್ಲದವನ ಮೇಲೆ ಹುಟ್ಟುವುದಿಲ್ಲ. ಕಾಯಿಲೆ ಬಂದದ್ದು ಮೈಗೆ, ಮನಸ್ಸು ಇನ್ನೂ ಅವನ ಕೈಯಲ್ಲೇ ಇದೆ ಎಂಬುದು ನಮ್ಮ ಲೆಕ್ಕ. ಕಳೆದ ಅರುವತ್ತು ವರ್ಷಗಳ ಶರೀರವಿಜ್ಞಾನ ಈ ಲೆಕ್ಕವನ್ನು ಒಪ್ಪುವುದಿಲ್ಲ. ಸೋಂಕು ತಗುಲಿದಾಗ ಸ್ನಾಯುವಿನ ಬಲಕ್ಕಿಂತ ಹೆಚ್ಚಾಗಿ ಬದಲಾಗುವುದು ಬಯಕೆಯೇ: ಏನು ಬೇಕು, ಏನು ಬೇಡ, ಯಾವುದಕ್ಕೆ ಎದ್ದೇಳಬೇಕು, ಯಾವುದು ನಾಳೆಗಿರಲಿ ಎನ್ನುವ ತೀರ್ಮಾನ. ಆ ತೀರ್ಮಾನದಲ್ಲಿ ರೋಗನಿರೋಧಕ ವ್ಯವಸ್ಥೆಯ ಕೈವಾಡ ಎಷ್ಟಿದೆ ಎಂದು ತಿಳಿದರೆ, ‘ಮನಸ್ಸು ಮಾಡಿದರೆ ಆಗುತ್ತೆ’ ಎನ್ನುವ ಮಾತನ್ನು ಅಷ್ಟು ಸಲೀಸಾಗಿ ಆಡಲಾಗದು.

ಕಾಯಿಲೆಯ ಸುಸ್ತೆಂದರೆ ರೋಗಾಣುಗಳು ಮೈಯನ್ನು ಹಿಂಡಿ ಹಿಪ್ಪೆ ಮಾಡಿದ್ದರ ಫಲ ಎಂದು ಬಹುಕಾಲ ವೈದ್ಯರೂ ತಿಳಿದಿದ್ದರು. ಇದು ಸರಿಯಲ್ಲ ಎನ್ನುವುದಕ್ಕೆ ಒಂದು ಸರಳ ಪ್ರಯೋಗ ಸಾಕು. ಇ. ಕೋಲಿಯಂಥ ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ಎಂಡೋಟಾಕ್ಸಿನ್ ಎಂಬ ಅಣುವಿರುತ್ತದೆ. ಜೀವಂತ ಬ್ಯಾಕ್ಟೀರಿಯಾವನ್ನೆಲ್ಲ ಬದಿಗಿಟ್ಟು ಈ ಅಣುವನ್ನಷ್ಟೇ ಇಲಿಗೆ ಚುಚ್ಚಿದರೆ, ಇಲಿ ಮೂಲೆ ಸೇರಿ ಮುದುಡಿಕೊಳ್ಳುತ್ತದೆ. ಮೈ ನೆಕ್ಕಿಕೊಳ್ಳುವುದನ್ನು ಬಿಡುತ್ತದೆ, ತಿನ್ನುವುದನ್ನು ಬಿಡುತ್ತದೆ, ಪಂಜರಕ್ಕೆ ಹೊಸ ಮರಿಯನ್ನು ಬಿಟ್ಟರೂ ಮೂಸಲು ಬರುವುದಿಲ್ಲ. ಆರೋಗ್ಯವಂತ ಸ್ವಯಂಸೇವಕರಿಗೆ ಇದನ್ನೇ ಅತಿ ಸಣ್ಣ ಪ್ರಮಾಣದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟು ನೋಡಿದ್ದಾರೆ. ಒಂದೆರಡು ಗಂಟೆಯೊಳಗೆ ಚಳಿ, ಮೈಕೈ ನೋವು, ಮಂಕು, ಯಾರೊಡನೆಯೂ ಮಾತು ಬೇಡವೆನ್ನಿಸುವ ಬೇಸರ. ಮತ್ತೆ ಕೆಲವು ಗಂಟೆಗಳಲ್ಲಿ ಎಲ್ಲವೂ ಮಾಯ. ಮೈಯನ್ನು ಹಿಂಡಲು ಇಲ್ಲಿ ಒಂದೇ ಒಂದು ಜೀವಂತ ರೋಗಾಣುವೂ ಇರಲಿಲ್ಲ. ಇದ್ದದ್ದು ಅದರ ಗುರುತು ಮಾತ್ರ. ಉಳಿದದ್ದನ್ನೆಲ್ಲ ಮೈ ತಾನೇ ಮಾಡಿಕೊಂಡಿತು.

ಕಾಯಿಲೆ ಬಿದ್ದ ದನ, ಕುದುರೆ, ನಾಯಿ, ಕೋಳಿ ಎಲ್ಲವೂ ಯಾಕೆ ಹೆಚ್ಚುಕಮ್ಮಿ ಒಂದೇ ಥರ ನಡೆದುಕೊಳ್ಳುತ್ತವೆ ಎಂದು ಮೊದಲು ಗಂಭೀರವಾಗಿ ಕೇಳಿದವರು ಒಬ್ಬ ಪಶುವೈದ್ಯರು, ಕ್ಯಾಲಿಫೋರ್ನಿಯಾದ ಬೆಂಜಮಿನ್ ಹಾರ್ಟ್. ಮೇವು ಮುಟ್ಟದ, ಕಿವಿ ಇಳಿಬಿಟ್ಟ, ಮಂದೆಯಿಂದ ಹಿಂದುಳಿದ ಹಸುವನ್ನು ನೋಡಿದ ಕೂಡಲೇ ನಮ್ಮ ಯಾವ ರೈತನಾದರೂ ‘ಇದಕ್ಕೆ ಮೈ ಸರಿಯಿಲ್ಲ’ ಅಂದುಬಿಡುತ್ತಾನೆ. ಹಾರ್ಟ್ 1988ರಲ್ಲಿ ಬರೆದ ಪ್ರಬಂಧದ ಹೊಸತನ ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಇದು ಮೈ ಕುಸಿದದ್ದರ ಗುರುತಲ್ಲ, ಜ್ವರವನ್ನು ನಡೆಸಲು ಬೇಕಾದ ಶಕ್ತಿಯನ್ನು ಉಳಿಸುವ ವ್ಯವಸ್ಥಿತ ನಡವಳಿಕೆ ಎಂದು ಅವರು ವಾದಿಸಿದರು. ಮೈಯ ಕಾವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಶಕ್ತಿಯ ಖರ್ಚು ಸುಮಾರು ಶೇ 10ರಷ್ಟೋ ಅದಕ್ಕೂ ಸ್ವಲ್ಪ ಹೆಚ್ಚೋ ಏರಬೇಕು. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಗೋಡೆಗೆ ಬಣ್ಣ ಹೊಡೆಸುವುದನ್ನು ಮುಂದಿನ ವರ್ಷಕ್ಕೆ ತಳ್ಳುತ್ತೇವಲ್ಲ, ಅಂಥ ಲೆಕ್ಕಾಚಾರ.

ಈ ಲೆಕ್ಕಾಚಾರ ಬಯಕೆಯ ಮಟ್ಟದಲ್ಲೇ ನಡೆಯುತ್ತದೆ ಎನ್ನುವುದಕ್ಕೆ ಸಾಕ್ಷಿ ಹಾರ್ಟ್‌ಗಿಂತ ಹಿಂದೆಯೇ ಸಿಕ್ಕಿತ್ತು. ಅಮೆರಿಕದ ಮನೋವಿಜ್ಞಾನಿ ನೀಲ್ ಮಿಲ್ಲರ್ 1964ರಲ್ಲಿ ವರದಿ ಮಾಡಿದ ಪ್ರಯೋಗಗಳನ್ನು ನಾನು ಈ ಕ್ಷೇತ್ರದ ಅತ್ಯಂತ ಜಾಣ ಪ್ರಯೋಗಗಳಲ್ಲಿ ಎಣಿಸುತ್ತೇನೆ. ಸನ್ನೆಯನ್ನು ಒತ್ತಿದರೆ ನೀರು ಬರುವಂತೆ ಇಲಿಗಳಿಗೆ ಅಭ್ಯಾಸ ಮಾಡಿಸಲಾಗಿತ್ತು. ಎಂಡೋಟಾಕ್ಸಿನ್ ಚುಚ್ಚಿದ ಮೇಲೆ ಅವು ಸನ್ನೆ ಒತ್ತುವುದನ್ನು ಬಿಟ್ಟವು. ಬಾಯಾರಿಕೆ ಇಲ್ಲವೇ? ನೀರನ್ನು ಮುಂದಿಟ್ಟರೆ ಕುಡಿದವು, ಎಂದಿನಷ್ಟಲ್ಲದಿದ್ದರೂ. ಎದ್ದು ಹೋಗಿ ನೀರು ತಂದುಕೊಳ್ಳದ, ಲೋಟ ಕೈಗೆ ಕೊಟ್ಟರೆ ಕುಡಿಯುವ ರೋಗಿ ಯಾರ ಮನೆಯಲ್ಲಿ ಇಲ್ಲ! ಹಾಗಾದರೆ ಸನ್ನೆ ಒತ್ತುವ ಬಲವೇ ಇರಲಿಲ್ಲವೇನೋ? ಮಿಲ್ಲರ್ ಇಲಿಗಳನ್ನು ಸದಾ ತಿರುಗುವ ಡ್ರಮ್ಮಿನೊಳಗೆ ಬಿಟ್ಟರು. ಅಲ್ಲಿ ಸನ್ನೆ ಒತ್ತಿದರೆ ಡ್ರಮ್ಮು ತುಸು ಹೊತ್ತು ನಿಲ್ಲುತ್ತಿತ್ತು. ಕಾಯಿಲೆಯ ಇಲಿಗಳು ಸನ್ನೆಯನ್ನು ಮೊದಲಿಗಿಂತ ಹೆಚ್ಚು ಸಲ ಒತ್ತಿದವು.

ಇಲಿ ಅದೇ, ಕಾಲು ಅದೇ, ಸನ್ನೆಯೂ ಹೆಚ್ಚುಕಡಿಮೆ ಅದೇ. ನೀರಿಗಾಗಿ ಒತ್ತದ ಕಾಲು ವಿಶ್ರಾಂತಿಗಾಗಿ ಒತ್ತಿತು. ಅಲ್ಲಿಗೆ ಕಾಯಿಲೆ ಕಸಿದುಕೊಂಡದ್ದು ಶಕ್ತಿಯನ್ನಲ್ಲ; ಯಾವುದಕ್ಕೆ ಎಷ್ಟು ಬೆಲೆ ಎಂಬ ಪಟ್ಟಿಯನ್ನು ಅದು ತಿದ್ದಿ ಬರೆಯಿತು.

ಫ್ರಾನ್ಸಿನಲ್ಲಿ ರಾಬರ್ಟ್ ಡಾಂಟ್ಜೆರ್ ಅವರ ಸಂಗಡಿಗರು 1997ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದಕ್ಕಿಂತ ಮನಕಲಕುವಂಥದು. ಮೊಲೆಯೂಡಿಸುವ ತಾಯಿ ಇಲಿಗಳಿಗೆ ಎಂಡೋಟಾಕ್ಸಿನ್ ಕೊಟ್ಟರು. ಮರಿಗಳನ್ನು ಗೂಡಿನಿಂದ ತೆಗೆದು ಪಂಜರದಲ್ಲಿ ಚೆದುರಿಸಿದರು, ಗೂಡನ್ನೂ ಕೆಡಿಸಿದರು. ಕೋಣೆಯ ಉಷ್ಣತೆ 22 ಡಿಗ್ರಿ ಇದ್ದಾಗ ಕಾಯಿಲೆಯ ತಾಯಿ ಇಲಿಗಳು ಮರಿಗಳನ್ನು ಕಚ್ಚಿ ತಂದು ಒಟ್ಟುಗೂಡಿಸಿದವು, ಆದರೆ ಗೂಡು ಕಟ್ಟುವ ಗೋಜಿಗೆ ಹೋಗಲಿಲ್ಲ. ಉಷ್ಣತೆಯನ್ನು 6 ಡಿಗ್ರಿಗೆ ಇಳಿಸಿದಾಗ, ಅದೇ ಕಾಯಿಲೆಯಲ್ಲೇ, ಗೂಡನ್ನೂ ಕಟ್ಟಿದವು. ಗೂಡಿಲ್ಲದೆ ಮರಿಗಳು ಆ ಚಳಿಯಲ್ಲಿ ಉಳಿಯುವಂತಿರಲಿಲ್ಲ.

103 ಡಿಗ್ರಿ ಜ್ವರದಲ್ಲೂ ಎದ್ದು ಮಕ್ಕಳ ಟಿಫನ್ ಡಬ್ಬಿ ತುಂಬಿಸಿದ ಹೆಂಗಸಿನ ಬಗ್ಗೆ ನಾವು ಎರಡು ಥರ ಮಾತಾಡುತ್ತೇವೆ. ಒಂದೋ ಅವಳ ತ್ಯಾಗವನ್ನು ಹೊಗಳುತ್ತೇವೆ, ಇಲ್ಲವೇ ‘ಅಷ್ಟೆಲ್ಲ ಮಾಡಿದಳಲ್ಲ, ಜ್ವರ ಎಂಥದ್ದು ಮಹಾ’ ಅನ್ನುತ್ತೇವೆ. ಎರಡನೆಯದು ಶುದ್ಧ ತಪ್ಪು. ಅವಳು ಎದ್ದದ್ದು ಕಾಯಿಲೆ ಸುಳ್ಳು ಎನ್ನುವುದಕ್ಕೆ ಪುರಾವೆಯಲ್ಲ. ಪಟ್ಟಿಯಲ್ಲಿ ಕಾಯಿಲೆಗಿಂತ ಮೇಲೆ ಇನ್ನೊಂದು ಭಯ ಕೂತಿತ್ತು ಎನ್ನುವುದಕ್ಕಷ್ಟೇ ಪುರಾವೆ. ಮೊದಲನೆಯದೂ ಪೂರ್ತಿ ಪ್ರಾಮಾಣಿಕವಲ್ಲ. ಆ ಕೋಣೆಯ ಉಷ್ಣತೆಯನ್ನು 6 ಡಿಗ್ರಿಗೆ ಇಳಿಸಿಟ್ಟವರು ಯಾರು ಎಂದು ಹೊಗಳುವವರು ಕೇಳಿಕೊಳ್ಳುವುದಿಲ್ಲ.

ಮೈಯಲ್ಲಿ ಎಲ್ಲೋ ಸೋಂಕು ತಗುಲಿದ ಸುದ್ದಿ ತಲೆಬುರುಡೆಯೊಳಗೆ ತಲುಪುವುದಾದರೂ ಹೇಗೆ? ಮಿದುಳಿಗೂ ರೋಗನಿರೋಧಕ ವ್ಯವಸ್ಥೆಗೂ ಸಂಬಂಧವೇ ಇಲ್ಲ, ನಡುವೆ ದಾಟಲಾಗದ ಗೋಡೆಯಿದೆ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ಕಾಲವೊಂದಿತ್ತು. ಗೋಡೆ ಇರುವುದು ನಿಜ. ಅದಕ್ಕೆ ಕಿಟಕಿಗಳೂ ಇವೆ. ಬಿಳಿ ರಕ್ತಕಣಗಳು ರೋಗಾಣುವಿನ ಗುರುತು ಹಿಡಿದ ಕೂಡಲೇ ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನುಗಳನ್ನು ಸುರಿಸುತ್ತವೆ. ಇವುಗಳಲ್ಲಿ ಮುಖ್ಯವಾದವು ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮತ್ತು ಟಿಎನ್‌ಎಫ್. ಮಿದುಳಿನ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಈ ಸಂದೇಶವನ್ನು ಓದಿಕೊಂಡು ಪ್ರೊಸ್ಟಗ್ಲಾಂಡಿನ್ ಇ2 ಎಂಬ ಇನ್ನೊಂದು ರಾಸಾಯನಿಕವನ್ನು ಒಳಗಡೆ ಬಿಡುಗಡೆ ಮಾಡುತ್ತವೆ. ಅದು ಹೈಪೋಥಲಾಮಸ್ ತಲುಪಿದಾಗ ಮೈಯ ಕಾವಿನ ಗುರಿ ಮೇಲಕ್ಕೇರುತ್ತದೆ. 37 ಡಿಗ್ರಿಯ ಮೈ ಆಗ ‘ತಣ್ಣಗಿದ್ದೇನೆ’ ಎಂದುಕೊಂಡು ನಡುಗುತ್ತದೆ, ಕಂಬಳಿ ಕೇಳುತ್ತದೆ. ಆಸ್ಪಿರಿನ್ ಕೆಲಸ ಮಾಡುವುದು ಈ ಪ್ರೊಸ್ಟಗ್ಲಾಂಡಿನ್‌ನ ತಯಾರಿಕೆಯನ್ನು ತಡೆದು ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು.

ಇನ್ನೊಂದು ದಾರಿ ನರಗಳದ್ದು. ಹೊಟ್ಟೆ, ಎದೆಗಳಿಂದ ಮಿದುಳಕಾಂಡಕ್ಕೆ ಹೋಗುವ ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ, ಹೊಟ್ಟೆಗೆ ಚುಚ್ಚಿದ ಎಂಡೋಟಾಕ್ಸಿನ್‌ನಿಂದ ಬರುವ ಮಂಕು ಬಹಳಷ್ಟು ಕಡಿಮೆಯಾಗುತ್ತದೆ ಎಂದು 1990ರ ದಶಕದಲ್ಲೇ ಗೊತ್ತಾಗಿತ್ತು. 2022ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ಪ್ರಯೋಗಾಲಯ, ಮಿದುಳಕಾಂಡದಲ್ಲಿ ಈ ಸುದ್ದಿ ಬಂದಿಳಿಯುವ ಜಾಗದ ನರಕೋಶಗಳ ಒಂದು ಗುಂಪನ್ನೇ ಗುರುತಿಸಿತು. ಆರೋಗ್ಯವಾಗಿದ್ದ ಇಲಿಯಲ್ಲಿ ಆ ಗುಂಪನ್ನು ಕೃತಕವಾಗಿ ಎಚ್ಚರಿಸಿದರೆ, ಸೋಂಕಿಲ್ಲ, ಸೈಟೊಕೈನ್ ಇಲ್ಲ, ಆದರೂ ಇಲಿ ಊಟ ಬಿಡುತ್ತದೆ, ನೀರು ಬಿಡುತ್ತದೆ, ಓಡಾಟ ನಿಲ್ಲಿಸುತ್ತದೆ. ಎಂಡೋಟಾಕ್ಸಿನ್ ಕೊಟ್ಟು ಆ ಗುಂಪನ್ನು ಸುಮ್ಮನಾಗಿಸಿದರೆ ಮಂಕು ಅಷ್ಟರಮಟ್ಟಿಗೆ ಇಳಿಯುತ್ತದೆ. ಹಸಿವಿಲ್ಲ ಎನ್ನುವುದಾಗಲಿ ಏಳಲಾರೆ ಎನ್ನುವುದಾಗಲಿ ಸಂಕಲ್ಪದ ಸೋಲಲ್ಲ ಎನ್ನಲು ಇದಕ್ಕಿಂತ ಬಿಡಿಸಿದ ಪುರಾವೆ ಇನ್ನೇನು ಬೇಕು?

ಇಲ್ಲಿಯವರೆಗಿನದನ್ನು ಓದಿ ಕೆಲವರಿಗೆ ಖುಷಿಯಾಗಬಹುದು. ಪ್ರಕೃತಿಗೆ ಎಲ್ಲಾ ಗೊತ್ತು, ಮಾತ್ರೆ ಬೇಡ, ಮೈ ಹೇಳಿದ ಹಾಗೆ ಕೇಳಿದರೆ ಸಾಕು ಎಂಬ ತೀರ್ಮಾನಕ್ಕೆ ಜಾರುವುದು ಸುಲಭ. ವಾಟ್ಸ್ಆ್ಯಪ್ ವೈದ್ಯರು ಆಗಲೇ ಜಾರಿದ್ದಾರೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಜ್ವರದ ಪರವಾಗಿ ಇರುವ ಸಾಕ್ಷ್ಯ ಗಟ್ಟಿಯೇ. ಮರುಭೂಮಿಯ ಇಗ್ವಾನಾ ಹಲ್ಲಿ ಮೈಯೊಳಗೆ ಕಾವು ಹುಟ್ಟಿಸಿಕೊಳ್ಳಲಾರದ ಪ್ರಾಣಿ. ಬಿಸಿಲಿಗೆ ಸರಿದೋ ನೆರಳಿಗೆ ಸರಿದೋ ಬದುಕುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ಚುಚ್ಚಿದರೆ ಅದು ಹೆಚ್ಚು ಬಿಸಿಯಿರುವ ಕಡೆ ಹೋಗಿ ಕೂರುತ್ತದೆ. ಅಂದರೆ ನಡವಳಿಕೆಯಿಂದಲೇ ಜ್ವರ ಬರಿಸಿಕೊಳ್ಳುತ್ತದೆ. ಮಿಷಿಗನ್ನಿನ ಮ್ಯಾಥ್ಯೂ ಕ್ಲೂಗರ್ 1975ರಲ್ಲಿ ಸೋಂಕು ತಗುಲಿದ ಹಲ್ಲಿಗಳನ್ನು ಬೇರೆ ಬೇರೆ ಉಷ್ಣತೆಯ ಕೋಣೆಗಳಲ್ಲಿ ಕೂಡಿಹಾಕಿದಾಗ 34 ಡಿಗ್ರಿಯವು ಸತ್ತವು, 42 ಡಿಗ್ರಿಯವು ಬಹುಪಾಲು ಉಳಿದವು. ಮರುವರ್ಷದ ಪ್ರಯೋಗದಲ್ಲಿ ಜ್ವರ ಇಳಿಸುವ ಸ್ಯಾಲಿಸಿಲೇಟ್ ಕೊಟ್ಟಾಗ ಜ್ವರ ಏರದೆ ಉಳಿದ ಹಲ್ಲಿಗಳು ಸತ್ತವು.

ಹಲ್ಲಿಯಿಂದ ಮನುಷ್ಯನಿಗೆ ನೇರ ಜಿಗಿತವಿಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಐಸಿಯುವಿನ 700 ಜ್ವರಪೀಡಿತ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಪ್ಯಾರಸಿಟಮಾಲ್, ಉಳಿದವರಿಗೆ ಬರೀ ಹುಸಿಮದ್ದು ಕೊಡಲಾಯಿತು. ಐಸಿಯುವಿನಿಂದ ಹೊರಗೆ ಕಳೆದ ದಿನಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಬೆಂಗಳೂರಿನ ಕಂಪನಿಯೊಂದು ತಯಾರಿಸುವ, ಕೋವಿಡ್ ಕಾಲದಲ್ಲಿ ತಮಾಷೆಯ ವಸ್ತುವೇ ಆಗಿಹೋದ ಡೋಲೋ 650 ನುಂಗಿದವರು ತಪ್ಪಿತಸ್ಥ ಭಾವ ಪಡಬೇಕಿಲ್ಲ. ಮಾತ್ರೆ ನುಂಗಿ ಮಲಗುವುದು ಒಂದು, ಮಾತ್ರೆ ನುಂಗಿ ಆಫೀಸಿಗೆ ಹೋಗುವುದು ಇನ್ನೊಂದು. ನನ್ನ ತಕರಾರು ಎರಡನೆಯದರ ಬಗ್ಗೆ. ಮಾತ್ರೆ ಕಾವನ್ನೂ ಮಂಕನ್ನೂ ತಗ್ಗಿಸುತ್ತದೆಯೇ ಹೊರತು ವೈರಸ್ಸನ್ನು ಕೊಲ್ಲುವುದಿಲ್ಲ. ಜ್ವರ ಇಳಿಸಿಕೊಂಡು ಹೊರಗೆ ಹೋದವನು ಇಡೀ ಬಸ್ಸಿಗೆ ಅದನ್ನು ಹಂಚುತ್ತಾನೆ.

ಊಟದ ವಿಷಯ ಇನ್ನೂ ಸ್ವಾರಸ್ಯವಾಗಿದೆ. ‘ಲಂಘನಂ ಪರಮೌಷಧಂ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅದೇ ಅಜ್ಜಿಯರು ನೆಗಡಿ ಬಂದಾಗ ಮೆಣಸಿನ ಸಾರು ಕಲಸಿ ‘ಎರಡು ತುತ್ತಾದರೂ ತಿನ್ನು’ ಎಂದು ಒತ್ತಾಯಿಸುತ್ತಿದ್ದರು. ಇದನ್ನು ವಿರೋಧಾಭಾಸ ಎಂದು ನಕ್ಕವರು 2016ರ ಒಂದು ಅಧ್ಯಯನವನ್ನು ಓದಬೇಕು. 1979ರಲ್ಲೇ ಮರ್ರೆ ಎಂಬ ಸಂಶೋಧಕ ಜೋಡಿ ಲಿಸ್ಟೀರಿಯಾ ಸೋಂಕಿನ ಇಲಿಗಳಿಗೆ ಬಲವಂತವಾಗಿ ಆಹಾರ ತಿನ್ನಿಸಿ, ಅವು ಹೆಚ್ಚು ಸತ್ತದ್ದನ್ನು ತೋರಿಸಿತ್ತು. ಯೇಲ್ ವಿಶ್ವವಿದ್ಯಾಲಯದ ರುಸ್ಲಾನ್ ಮೆಡ್ಜಿಟೊವ್ ಅವರ ತಂಡ 2016ರಲ್ಲಿ ಅದನ್ನು ಮುಂದುವರಿಸಿತು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಗ್ಲೂಕೋಸ್ ಕೊಟ್ಟರೆ ಇಲಿಗಳು ಸಾಯುತ್ತವೆ, ಉಪವಾಸ ಕಾಯುತ್ತದೆ. ಇನ್‌ಫ್ಲುಯೆಂಜಾ ವೈರಸ್ಸಿನಲ್ಲಿ ಇದು ತಿರುವುಮುರುವು, ಗ್ಲೂಕೋಸ್ ತಡೆದರೆ ಸಾಯುತ್ತವೆ, ಆಹಾರ ಕಾಯುತ್ತದೆ. ಮನುಷ್ಯರಲ್ಲೂ ಇದರ ಪಡಿನೆರಳು ಕಂಡಿದೆ. ಬೆಲ್ಜಿಯಂನಲ್ಲಿ 4,600ಕ್ಕೂ ಹೆಚ್ಚು ಐಸಿಯು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರಕ್ತನಾಳದ ಮೂಲಕ ಪೌಷ್ಟಿಕ ದ್ರವ ಕೊಡುವುದನ್ನು ಒಂದು ವಾರ ತಡಮಾಡಿದ ಗುಂಪೇ ಬೇಗ ಚೇತರಿಸಿಕೊಂಡಿತು. ಹಸಿವಿಲ್ಲದ ರೋಗಿಗೆ ಡ್ರಿಪ್ ಹಾಕಿಸದಿದ್ದರೆ ಸಮಾಧಾನವೇ ಆಗದ ನಮ್ಮ ಜನ ಇದನ್ನು ಗಮನಿಸಬಹುದು. ಆದರೆ ಸಕ್ಕರೆ ಕಾಯಿಲೆಯವರಾಗಲಿ ಎಳೆಮಕ್ಕಳಾಗಲಿ ಇಲಿಯ ಲೆಕ್ಕ ಹಿಡಿದು ಉಪವಾಸ ಕೂರುವುದು ಅಪಾಯ.

ಮೈಯ ತೀರ್ಮಾನ ಯಾವಾಗಲೂ ಸರಿಯಲ್ಲ ಎನ್ನುವುದನ್ನು 2023ರ ಒಂದು ಅಧ್ಯಯನ ಇನ್ನೂ ಖಾರವಾಗಿ ಹೇಳಿತು. ಹಾರ್ವರ್ಡಿನ ಸ್ಟೀಫನ್ ಲಿಬರ್ಲೆಸ್ ತಂಡ, ಗಂಟಲಿನ ಮೇಲ್ಭಾಗದಿಂದ ಮಿದುಳಿಗೆ ಹೋಗುವ ನರದಲ್ಲಿ ಪ್ರೊಸ್ಟಗ್ಲಾಂಡಿನ್ ಇ2ವನ್ನು ಗ್ರಹಿಸುವ ಸಣ್ಣದೊಂದು ನರಕೋಶಗಳ ಗುಂಪನ್ನು ಪತ್ತೆಮಾಡಿತು. ಇಲಿಗೆ ಇನ್‌ಫ್ಲುಯೆಂಜಾ ತಗುಲಿದಾಗ ‘ಊಟ ಬೇಡ, ಓಡಾಟ ಬೇಡ’ ಎಂಬ ಆರಂಭದ ಸುದ್ದಿಯನ್ನು ಮುಟ್ಟಿಸುವುದು ಇವೇ. ಇವನ್ನು ನಿರ್ಮೂಲ ಮಾಡಿದಾಗ ಇಲಿಗಳು ತಿಂದವು, ಕುಡಿದವು, ಓಡಾಡಿದವು. ಹೆಚ್ಚು ಬದುಕಿಯೂ ಉಳಿದವು! ವಿಕಾಸ ರೂಪಿಸಿದ ವ್ಯವಸ್ಥೆ ಸಾವಿರಾರು ಸೋಂಕುಗಳ ಸರಾಸರಿಗೆ ಹೊಂದಿಸಿದ್ದು. ನಿಮಗೆ ಈ ಮಂಗಳವಾರ ಬಂದಿರುವ ಸೋಂಕಿಗೆಂದು ಅಳತೆ ತೆಗೆದು ಹೊಲಿದದ್ದಲ್ಲ. ಆದ್ದರಿಂದ ಕಾಯಿಲೆಯ ‘ಬೇಡ’ವನ್ನು ಗೌರವಿಸಬೇಕು ಅನ್ನುವಾಗ ಅದನ್ನು ಪೂಜಿಸಬೇಕು ಎಂದು ನಾನು ಹೇಳುತ್ತಿಲ್ಲ. ಅದು ನಿಜ, ಅಷ್ಟೇ. ನಿಜವಾದದ್ದೆಲ್ಲ ಒಳ್ಳೆಯದಾಗಿರಬೇಕಿಲ್ಲ.

ಈ ತೀರ್ಮಾನಗಳಲ್ಲಿ ಸುತ್ತಲಿನವರ ಪಾತ್ರವೂ ಇದೆ. ಪೆಟ್ರೀಷಿಯಾ ಲೋಪೆಸ್ ಎಂಬ ಸಂಶೋಧಕಿ ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಗಳಿಗೆ ಎಂಡೋಟಾಕ್ಸಿನ್ ಕೊಟ್ಟು ನೋಡಿದರು. ಒಂಟಿಯಾಗಿಟ್ಟ ಹಕ್ಕಿ ಮಂಕಾಗಿ ಕುಳಿತಿತು. ಗುಂಪಿನೊಳಗಿದ್ದ ಹಕ್ಕಿ ಕಾಯಿಲೆಯೇ ಇಲ್ಲವೆಂಬಂತೆ ಓಡಾಡಿಕೊಂಡಿತ್ತು. ನೆಂಟರ ಎದುರು ನಗುತ್ತಾ ಕಾಫಿ ಕೊಟ್ಟು, ಅವರು ಗೇಟು ದಾಟಿದ ಕೂಡಲೇ ಹಾಸಿಗೆಗೆ ಕುಸಿಯುವವರನ್ನು ನೆನೆದುಕೊಳ್ಳಿ. ನಕ್ಕದ್ದು ನಾಟಕವೋ ಕುಸಿದದ್ದು ನಾಟಕವೋ ಎಂದು ಕೇಳುವುದೇ ಅಸಂಬದ್ಧ.

ಒಂಟಿತನದ ಹಂಬಲವೂ ಎಲ್ಲರ ಬಗ್ಗೆ ಒಂದೇ ಥರ ಇರುವುದಿಲ್ಲ. ಎಂಡೋಟಾಕ್ಸಿನ್ ಪಡೆದ ಸ್ವಯಂಸೇವಕರು ತಾವು ಜನರಿಂದ ದೂರವಾದಂತೆ ಅನ್ನಿಸಿತು ಎಂದು ಹೇಳಿಕೊಂಡದ್ದನ್ನು ಲಾಸ್ ಏಂಜಲೀಸಿನ ನವೋಮಿ ಐಸೆನ್‌ಬರ್ಗರ್ 2010ರಲ್ಲಿ ದಾಖಲಿಸಿದರು. ಅದೇ ಗುಂಪಿನ ಮುಂದಿನ ಅಧ್ಯಯನದಲ್ಲಿ, ಆಪ್ತರ ಚಿತ್ರ ನೋಡಿದಾಗ ಮಾತ್ರ ಇಂಥವರ ಮಿದುಳಿನಲ್ಲಿ ಬಯಕೆ-ಬಹುಮಾನಕ್ಕೆ ಸಂಬಂಧಿಸಿದ ಭಾಗ ಎಂದಿಗಿಂತ ಹೆಚ್ಚು ಚುರುಕಾಯಿತು. ಊರೆಲ್ಲ ಬೇಡ, ಅಮ್ಮ ಬೇಕು. ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆ ಪಕ್ಕದ ಸ್ಟೂಲಿಗೆ ಇರುವ ಬೆಲೆ ಇದು. ಹಣ್ಣಿನ ಚೀಲ ಹಿಡಿದು ಸಾಲಾಗಿ ಬರುವ ಹದಿನೈದು ಜನಕ್ಕೆ ಆ ಬೆಲೆ ಇಲ್ಲ ಎನ್ನುವುದನ್ನು ನಮ್ಮ ಸೌಜನ್ಯ ಒಪ್ಪುವುದು ಕಷ್ಟ.

ಅಂಟುರೋಗದ ದೃಷ್ಟಿಯಿಂದ ನೋಡಿದರೆ ಈ ದೂರಸರಿಯುವಿಕೆ ಸುತ್ತಲಿನವರಿಗೂ ಲಾಭ. ಬೆಲೀಜ್ ದೇಶದ ಒಂದು ಪೊಟರೆಮರದಲ್ಲಿ ವಾಸಿಸುತ್ತಿದ್ದ 31 ರಕ್ತಹೀರುವ ಬಾವಲಿಗಳ ಮೈಗೆ ಪುಟ್ಟ ಸೆನ್ಸರ್ ಅಂಟಿಸಿ, ಸುಮಾರು ಅರ್ಧದಷ್ಟಕ್ಕೆ ಎಂಡೋಟಾಕ್ಸಿನ್ ಕೊಟ್ಟು ಬಿಟ್ಟ 2020ರ ಅಧ್ಯಯನದಲ್ಲಿ, ಮಂಕಾದವು ಕಡಿಮೆ ಸಂಗಾತಿಗಳನ್ನು, ಕಡಿಮೆ ಹೊತ್ತು ಸಂಧಿಸಿದವು. ಯಾರೂ ಅವಕ್ಕೆ ಲಾಕ್‌ಡೌನ್ ಹೇರಿರಲಿಲ್ಲ.

ಸೋಂಕು ಹೋದ ಮೇಲೂ ಈ ವ್ಯವಸ್ಥೆ ತನ್ನ ಪಾಡಿಗೆ ತಾನು ನಡೆಯುತ್ತಿದ್ದರೆ? ಚಿಕೂನ್‌ಗುನ್ಯಾ, ಡೆಂಗಿ ಆಗಿಹೋದವರಿಗೆ ಈ ಪ್ರಶ್ನೆ ವಿವರಿಸಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೂ ಗೊತ್ತು: ಜ್ವರ ಬಿಟ್ಟರೂ ನಿಶ್ಶಕ್ತಿ ವಾರಗಟ್ಟಲೆ ಬಿಡುವುದಿಲ್ಲ, ಕೆಲವರಲ್ಲಂತೂ ಜ್ವರ ಒಮ್ಮೆ ಬಿಟ್ಟು ಮತ್ತೆ ಮರುಕಳಿಸಿ, ತಲೆನೋವು, ಗೊಂದಲಗಳ ರೂಪದಲ್ಲಿ ನೇರವಾಗಿ ಮಿದುಳಿಗೇ ಕೈಹಾಕುತ್ತದೆ.

ವೃದ್ಧರ ಸಂಗತಿ ಬೇರೆಯೇ. ನಿನ್ನೆಯವರೆಗೆ ಪೇಪರು ಓದಿಕೊಂಡಿದ್ದ ಎಂಬತ್ತರ ಹಿರಿಯರು ಇಂದು ಬೆಳಿಗ್ಗೆ ಮಗನನ್ನು ತಮ್ಮ ಅಣ್ಣನ ಹೆಸರಿನಿಂದ ಕರೆಯುತ್ತಾರೆ, ಸಂಜೆ ಎದ್ದು ಊರಿಗೆ ಹೊರಡುತ್ತಾರೆ. ‘ವಯಸ್ಸಾಯ್ತು, ಅರಳುಮರುಳು’ ಎಂದು ಮನೆಯವರು ಕೈಚೆಲ್ಲುತ್ತಾರೆ. ಎಷ್ಟೋ ಸಲ ಕಾರಣ ಮೂತ್ರದ ಸೋಂಕೋ ನ್ಯುಮೋನಿಯಾವೋ ಆಗಿರುತ್ತದೆ. ಜ್ವರ, ಕೆಮ್ಮು ಎದ್ದು ಕಾಣುವುದೂ ಇಲ್ಲ. ವಯಸ್ಸಾದ ಮಿದುಳಿನಲ್ಲಿ ಮೈಕ್ರೊಗ್ಲಿಯಾ ಎಂಬ ಕಾವಲು ಕೋಶಗಳು ಮೊದಲೇ ಕೆರಳಿ ಕುಳಿತಿರುತ್ತವೆ. ಎಳೆಯ ಇಲಿ ಕೆಲವೇ ಗಂಟೆಗಳಲ್ಲಿ ಕೊಡವಿಕೊಂಡೇಳುವ ಎಂಡೋಟಾಕ್ಸಿನ್‌ಗೆ ಮುದಿ ಇಲಿ ಹೆಚ್ಚು ಜೋರಾಗಿ, ಹೆಚ್ಚು ಕಾಲ ಮಂಕಾಗುತ್ತದೆ. ದಿಢೀರನೆ ಬಂದ ಅರಳುಮರುಳನ್ನು ವಯಸ್ಸಿನ ಖಾತೆಗೆ ಬರೆಯುವ ಮುನ್ನ ಮೂತ್ರ, ರಕ್ತ, ಎದೆಯ ಪರೀಕ್ಷೆ ಮಾಡಿಸುವುದು ವಾಸಿ. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಹಲವರು ಮತ್ತೆ ಪೇಪರು ಓದುತ್ತಾರೆ.

ಖಿನ್ನತೆಯ ಪ್ರಶ್ನೆಗೂ ಇಲ್ಲಿಂದ ಒಂದು ಬಾಗಿಲು ತೆರೆಯುತ್ತದೆ. ಹೆಪಟೈಟಿಸ್-ಸಿ ಹಾಗೂ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಇಂಟರ್‌ಫೆರಾನ್-ಆಲ್ಫಾ ಎಂಬ ಸೈಟೊಕೈನನ್ನೇ ಔಷಧಿಯಾಗಿ ಕೊಡುತ್ತಿದ್ದ ಕಾಲದಲ್ಲಿ, ಅದನ್ನು ಪಡೆದವರಲ್ಲಿ ಅನೇಕರು ಗಾಢ ಖಿನ್ನತೆಗೆ ಜಾರಿದರು. 2001ರಲ್ಲಿ ಪ್ರಕಟವಾದ, 40 ಮೆಲನೋಮಾ ರೋಗಿಗಳ ಪರೀಕ್ಷೆಯೊಂದರಲ್ಲಿ ಹುಸಿಮದ್ದಿನ ಜೊತೆ ಇಂಟರ್‌ಫೆರಾನ್ ಪಡೆದವರ ಪೈಕಿ ಶೇ 45 ಮಂದಿಗೆ ಖಿನ್ನತೆ ಬಂತು. ಪ್ಯಾರಾಕ್ಸಿಟಿನ್ ಎಂಬ ಖಿನ್ನತೆಯ ಮಾತ್ರೆಯನ್ನು ಮೊದಲೇ ಶುರುಮಾಡಿದವರಲ್ಲಿ ಅದು ಶೇ 11. ಇವರಿಗೆಲ್ಲ ಕ್ಯಾನ್ಸರಿನ ಚಿಂತೆ ಇತ್ತು, ನಿಜ. ಆದರೆ ಆ ಚಿಂತೆ ಎರಡೂ ಗುಂಪಿಗಿತ್ತು, ಇಂಟರ್‌ಫೆರಾನ್ ಕೊಡುವ ಮೊದಲೂ ಇತ್ತು.

ಹಾಗೆಂದು ಖಿನ್ನತೆಯೆಂದರೆ ಉರಿಯೂತ, ಉರಿಯೂತ ಇಳಿಸಿದರೆ ಖಿನ್ನತೆ ಮಾಯ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಮಾಮೂಲಿ ಔಷಧಿಗೆ ಬಗ್ಗದ ಖಿನ್ನತೆಯ 60 ಮಂದಿಯ ಮೇಲೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಪ್ರಯೋಗಿಸಿದ 2013ರ ಅಧ್ಯಯನದಲ್ಲಿ ಒಟ್ಟಾರೆ ಏನೂ ಉಪಯೋಗ ಕಾಣಲಿಲ್ಲ. ರಕ್ತದಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ಹೆಚ್ಚಿದ್ದವರಲ್ಲಿ ಮಾತ್ರ ಸುಧಾರಣೆಯ ಸೂಚನೆ ಇತ್ತು. ಕಡಿಮೆಯಿದ್ದವರಿಗೆ ಹುಸಿಮದ್ದೇ ವಾಸಿಯೆನಿಸಿತು. ಅಂದರೆ ಖಿನ್ನತೆ ಎಂಬ ಒಂದೇ ಚೀಟಿ ಅಂಟಿಸಿದ ಹಲವು ಸಂಕಟಗಳ ಪೈಕಿ ಕೆಲವಕ್ಕಷ್ಟೇ ಈ ದಾರಿ. ಉಳಿದವಕ್ಕೆ ಬೇರೆ ದಾರಿಗಳಿವೆ, ಅವುಗಳಲ್ಲಿ ಸಾಲ, ಶೋಕ, ಒಂಟಿತನಗಳೂ ಸೇರಿವೆ.

ಇಷ್ಟು ಗೊತ್ತಾದ ಮೇಲೆ ಏನು ಬದಲಾಗಬೇಕು? ಮನೆಯೊಳಗಿನ ಮಾತು ಬದಲಾದರೆ ಒಳ್ಳೆಯದೇ, ಆದರೆ ನನ್ನ ಕಣ್ಣು ಅದಕ್ಕಿಂತ ಹೆಚ್ಚಾಗಿ ಕಾನೂನಿನ ಮೇಲಿದೆ. 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಈ ದೇಶದ ಕಾರ್ಮಿಕರಿಗೆ ಕೊಟ್ಟ ದೊಡ್ಡ ಆಸರೆ. ಆ ವ್ಯವಸ್ಥೆಯಡಿ ಕಾಯಿಲೆ ಬಿದ್ದವರಿಗೆ ಕೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಎಂಬ ನಿಯಮ ಬಂತು. ಆದರೆ ಅದೇ ಕಾಯ್ದೆಯಲ್ಲಿ ಒಂದು ಷರತ್ತನ್ನೂ ಬರೆದರು: ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣವಿಲ್ಲ, ಹದಿನೈದು ದಿನಗಳೊಳಗೆ ಮತ್ತೆ ಕಾಯಿಲೆ ಬಿದ್ದರೆ ಮಾತ್ರ ವಿನಾಯಿತಿ. ಸೋಗು ಹಾಕುವವರನ್ನು ತಡೆಯಲು ವಿಮಾ ಯೋಜನೆಗಳು ಬಳಸುವ ಹಳೆಯ ಉಪಾಯ ಇದು. ಮಾಮೂಲಿ ಫ್ಲೂ ಅತಿ ಹೆಚ್ಚು ಹರಡುವುದು, ಮೈ ಅತಿ ಗಟ್ಟಿಯಾಗಿ ‘ಮಲಗು’ ಎನ್ನುವುದು ಸುಮಾರಾಗಿ ಆ ಎರಡು ದಿನಗಳಲ್ಲೇ. ಪೀಣ್ಯದ ಗಾರ್ಮೆಂಟ್ ಹೆಂಗಸು ಆ ಎರಡು ದಿನ ಮಾತ್ರೆ ನುಂಗಿ ಮೆಷಿನ್ನಿನ ಮುಂದೆ ಕೂತರೆ, ಅವಳಿಗೆ ಬುದ್ಧಿ ಹೇಳುವ ಹಕ್ಕು ಆ ಷರತ್ತನ್ನು ಬರೆದವರಿಗಿಲ್ಲ.

ಇಎಸ್‌ಐ ಚೀಟಿಯಾದರೂ ಅವಳ ಕೈಯಲ್ಲಿದೆ. ಅವಳ ಮನೆಯ ಪಕ್ಕದಲ್ಲಿ ಬಾಡಿಗೆಗಿರುವ ಮನೆಗೆಲಸದವಳಿಗೆ, ಗಾರೆ ಕೆಲಸದ ಗಂಡನಿಗೆ ಅದೂ ಇಲ್ಲ. ಬೆಳಿಗ್ಗೆ ಮೇಸ್ತ್ರಿಗೆ ಫೋನು ಮಾಡಿ ಜ್ವರ ಅಂದರೆ ಆ ದಿನದ ಕೂಲಿ ಹೋಯಿತು. ಮೊದಲ ಎರಡು ದಿನಕ್ಕೂ ಕೂಲಿ ಕೊಟ್ಟರೆ ಸುಳ್ಳು ಹೇಳುವವರು ಹುಟ್ಟಿಕೊಳ್ಳುತ್ತಾರೆ ಎನ್ನುವ ವಾದ ನನಗೆ ಗೊತ್ತು. ಹುಟ್ಟಿಕೊಳ್ಳುತ್ತಾರೆ, ಕೆಲವರು. ಅವರಿಗಾಗುವ ಖರ್ಚನ್ನು ಲೆಕ್ಕ ಹಾಕುವವರು, ಕೆಮ್ಮುತ್ತಲೇ ಕೆಲಸಕ್ಕೆ ಬಂದವರಿಂದ ಒಂದು ಶೆಡ್ಡಿನಲ್ಲಿ ಎಷ್ಟು ಜನ ಮಲಗಿದರು ಎನ್ನುವುದನ್ನೂ ಅದೇ ಪುಸ್ತಕದ ಎದುರು ಪುಟದಲ್ಲಿ ಬರೆಯಲಿ.